ಎದುರುಬದುರು ಕುರ್ಚಿಗಳ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟ್ ಪಕ್ಕದ ಪ್ರಾರ್ಥನಾ ಕೊಠಡಿಯ ನೆಲ ಒರೆಸಿ ಅಕ್ಕ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಬಳಿಕ ಹನ್ನೆರಡು ಕುರ್ಚಿಗಳನ್ನು ಗೋಡೆಗುಂಟ ಎದುರುಬದುರು ಇಡುತ್ತಾರೆ. ಕೆಳಗೆ ಕೂರುವವರಿಗೆ ಚಾಪೆ. ಬಾಗಿಲ ಬಳಿಯ ಎರಡು ಕುರ್ಚಿ ಐಸಿಯು ಕಡೆಯವರಿಗೆ. ಹೆಸರು ಕೂಗಿದೊಡನೆ ಅವರು ಎದ್ದು ಓಡಬೇಕು.

ಇಲ್ಲಿ ಪಟವಿಲ್ಲ, ಚಿಹ್ನೆಯಿಲ್ಲ. ಎಲ್ಲ ಧರ್ಮದವರಿಗೂ ಇದೊಂದೇ ಕೋಣೆ. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿದ ಅಕ್ಕನಿಗೆ ಇದು ಹನ್ನೊಂದನೇ ವರ್ಷ. ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಾರೆ. ಮಂಡಿನೋವು ಮಾತ್ರ ಬೆನ್ನು ಬಿಟ್ಟಿಲ್ಲ.

ಮೊದಲು ಕುರ್ಚಿಗಳೆಲ್ಲ ಒಂದೇ ಗೋಡೆಗೆ ಮುಖ ಮಾಡಿದ್ದವು. ಒಮ್ಮೆ ನೆಲ ಒರೆಸಲು ಅವನ್ನು ಎರಡೂ ಬದಿಯ ಗೋಡೆಗೆ ಎದುರುಬದುರಾಗಿ ಸರಿಸಿದ್ದ ಅಕ್ಕ, ವಾರ್ಡಿನಿಂದ ಕರೆ ಬಂತೆಂದು ಹಾಗೇ ಬಿಟ್ಟು ಓಡಿದರು. ಮರಳಿ ಬಂದರೆ, ಗುರುತು ಪರಿಚಯವಿಲ್ಲದ, ಧರ್ಮವೂ ಬೇರೆಯಾದ ಇಬ್ಬರು ತಾಯಂದಿರು ಮಾತಿಗಿಳಿದಿದ್ದರು. ಸಂಜೆಯೊಳಗೆ ಒಬ್ಬಾಕೆಯ ಮೈದುನ ಇನ್ನೊಬ್ಬಾಕೆಯ ಮಗಳಿಗೆ ರಕ್ತ ಕೊಟ್ಟಿದ್ದ. "ಅವತ್ತಿಂದ ಕುರ್ಚಿ ತಿರುಗಿಸೋಕೆ ಮನಸ್ಸೇ ಬರಲಿಲ್ಲ" ಎನ್ನುತ್ತಾರೆ ಅಕ್ಕ.

ಈಗ ಕೋಣೆಗೇ ಕುತ್ತು ಬಂದಿದೆ. ಹಳೆಯ ಕಡತ ಇಡಲು ಬೇರೆ ಜಾಗವಿಲ್ಲವಂತೆ. ಸೋಮವಾರ ಮ್ಯಾನೇಜರ್ ತೀರ್ಮಾನಿಸುತ್ತಾರೆ. ಅದಕ್ಕೆಂದೇ ಸಮಾಜಶಾಸ್ತ್ರದ ಸಂಶೋಧಕಿಯೊಬ್ಬರು ವಾರವಿಡೀ ಬಾಗಿಲಲ್ಲಿ ನಿಂತು, ಯಾವ ಧರ್ಮದವರು ಎಷ್ಟು ಮಂದಿ ಪ್ರಾರ್ಥಿಸಿದರೆಂದು ಬರೆದುಕೊಂಡರು. ದಿನಕ್ಕೆ ಇಪ್ಪತ್ತೆರಡು. ಅಕ್ಕನ ಪ್ರಕಾರ ಎಪ್ಪತ್ತಕ್ಕೆ ಕಮ್ಮಿಯಿಲ್ಲ. ಸುಮ್ಮನೆ ಕೂತವರು, ಅತ್ತವರು, ಪಕ್ಕದವರ ಹೆಗಲಿಗೆ ಒರಗಿ ನಿದ್ದೆ ಹೋದವರು ಆ ಪಟ್ಟಿಯಲ್ಲಿ ಸೇರಿರಲಿಲ್ಲ.

ಅಕ್ಕ ಆಕೆಯನ್ನು ಕೂರಿಸಿಕೊಂಡು ಹೇಳಿದರಂತೆ: "ಯಾರದು ಯಾವ ಧರ್ಮ ಅಂತ ನಾನು ಕೇಳಲ್ಲಮ್ಮ. ಯಾವ ವಾರ್ಡು ಅಂತ ಕೇಳ್ತೀನಿ."

ಸಂಶೋಧಕಿ ಹಾಳೆಯಲ್ಲಿ ವಾರ್ಡಿಗೆಂದು ಹೊಸ ಗೆರೆ ಎಳೆದು, ಸುಮ್ಮನೆ ಕೂತವರನ್ನೂ ಸೇರಿಸಿ ಮೂರು ದಿನ ಮತ್ತೆ ಎಣಿಸಿದರು. ಆ ಹಾಳೆ ಈಗ ಮ್ಯಾನೇಜರ್ ಮೇಜಿನ ಮೇಲಿದೆ. ಅದರಲ್ಲಿ ಅಕ್ಕನ ಹೆಸರಿಲ್ಲದಿರುವುದು ನನಗಂತೂ ಬೇಸರವೇ. ಅವರು ಅದನ್ನು ತಲೆಗೇ ಹಾಕಿಕೊಂಡಿಲ್ಲ.

ಇಷ್ಟು ವರ್ಷ ಅಕ್ಕ ಈ ಕೋಣೆಯಲ್ಲಿ ತಮಗೆಂದು ಏನನ್ನೂ ಬೇಡಿಕೊಂಡವರಲ್ಲ. ಈ ವಾರ ಮಾತ್ರ ಕೆಲಸ ಮುಗಿಸಿ ಎರಡು ನಿಮಿಷ ಕೂರುತ್ತಾರೆ, ಕೋಣೆ ಉಳಿಯಲಿ ಎಂದು. ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತೀರಿ ಎಂದು ಕೆಣಕುತ್ತೇನೆ. ಅಕ್ಕ ನಗುವುದಿಲ್ಲ.

"ಮ್ಯಾನೇಜರ್ ರೂಮಿನ ಕಡೆಗೆ."