ಭಾಗೀರಥಮ್ಮನ ನಾಲ್ಕು ಸಾಲು ಹೊಲಿಗೆ

ಶಂಕರಪುರಂನ ಭಾಗೀರಥಮ್ಮನಿಗೆ ವಿಪರೀತ ಜಂಬ ಎಂದು ಇದನ್ನು ಬರೆಯುತ್ತಿರುವವನು ಬಹಳ ಕಾಲ ನಂಬಿಕೊಂಡಿದ್ದ. ಕಾರಣ ಇಷ್ಟೇ. ಹೆಂಡತಿಯ ರವಿಕೆ ಬಟ್ಟೆ ಹೊಲಿಯಲು ಕೊಡಲೆಂದು ಒಂದು ಸಂಜೆ ಹೋದಾಗ, ಪೊಟ್ಟಣ ಕೈಜಾರಿ ಆಕೆಯ ಕಾಲ ಬಳಿಯೇ ಬಿತ್ತು. ಆಕೆ ಬಗ್ಗಲಿಲ್ಲ. ಪೊಟ್ಟಣವನ್ನೊಮ್ಮೆ, ಅವನನ್ನೊಮ್ಮೆ ನೋಡಿ, ರಾಜಮಾತೆಯ ಹಾಗೆ ನೆಟ್ಟಗೆ ನಿಂತೇ ಇದ್ದರು. ಎತ್ತಿಕೊಡಬೇಕಾದವನು ತಾನೇ ಎಂದು ಅರ್ಥವಾಗಲು ಅವನಿಗೆ ಅರ್ಧ ನಿಮಿಷ ಹಿಡಿಯಿತು. ಟೈಲರಮ್ಮನಿಗೆ ಇಷ್ಟೊಂದು ಗತ್ತೇ ಎಂದು ಮನೆಗೆ ಬಂದು ಗೊಣಗಿದ.

“ಅವ್ರ ಬೆನ್ನು ಕೆಟ್ಟು ನಾಲ್ಕು ವರ್ಷ ಆಯ್ತು. ನಿಮಗೆ ಪೇಪರ್ ಬಿಟ್ರೆ ಬೇರೇನೂ ಕಾಣಲ್ಲ,” ಎಂದಳು ಹೆಂಡತಿ.

ಅವನು ಗತ್ತೆಂದು ತಿಳಿದದ್ದು ಸೀರೆಯ ಒಳಗಿದ್ದ ಬೆಲ್ಟು.

ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ ತುಳಿದ ಬೆನ್ನು ಅದು. ಮುಂದೆ ಎಳೆದು ಅಂಟಿಸುವ ಪಟ್ಟಿ, ಹಿಂದೆ ನಾಲ್ಕು ಸ್ಟೀಲಿನ ಕಡ್ಡಿ ಇರುವ ಬೆಲ್ಟನ್ನು ಡಾಕ್ಟರು ಆರು ವಾರಕ್ಕೆಂದು ಬರೆದುಕೊಟ್ಟಿದ್ದರು. ಜೊತೆಗೆ ಮೆಷಿನ್ ಬಿಡಿ ಎಂದೂ ಹೇಳಿದ್ದರು. ಭಾಗೀರಥಮ್ಮ ಎರಡನ್ನೂ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಬೆನ್ನು ಹಿಡಿದುಕೊಳ್ಳುತ್ತಿತ್ತು, ಮಧ್ಯಾಹ್ನಕ್ಕೆ ಕಾಲು ಜೋಮು ಹಿಡಿಯುತ್ತಿತ್ತು, ಸಂಜೆಗೆ ಮಾತಾಡಲೂ ಬೇಸರ. ಆದರೆ ಮೆಷಿನ್ ನಿಂತರೆ ಮುಂದಿನ ಕೋಣೆಯಲ್ಲಿ ಕೂತು ತಾನು ಮಾಡುವುದೇನು ಎಂಬ ಪ್ರಶ್ನೆಗೆ ಡಾಕ್ಟರೂ ಉತ್ತರ ಬರೆದುಕೊಟ್ಟಿರಲಿಲ್ಲ.

ಈಚೆಗೆ ಇನ್ನೊಂದು ಮಾತು ಕಿವಿಗೆ ಬಿದ್ದಿತ್ತು. “ಭಾಗೀರಥಮ್ಮನ ಕೈ ಇಳೀತಂತೆ.” ಹಳೆಯ ಗಿರಾಕಿಗಳಲ್ಲಿ ನಾಲ್ಕು ಮನೆಯವರು ಆಗಲೇ ಗಾಂಧಿಬಜಾರಿನ ಕಡೆ, ಗೊಂಬೆಗೆ ರವಿಕೆ ತೊಡಿಸಿ ಗಾಜಿನೊಳಗೆ ನಿಲ್ಲಿಸುವ ಅಂಗಡಿಗಳಿಗೆ ಹೊರಟುಹೋಗಿದ್ದರು. ಉಳಿದವರು ಒಂದು ತಪ್ಪಿಗಾಗಿ ಕಾಯುತ್ತಿದ್ದಾರೆ ಎಂದು ಆಕೆಗೆ ಗೊತ್ತಿತ್ತು. ಒಂದು ಮದುವೆಯಲ್ಲಿ ಒಂದು ರವಿಕೆ ಕೈಕೊಟ್ಟರೆ ಸಾಕು, ಮೆಷಿನ್ ಅಟ್ಟ ಸೇರುತ್ತಿತ್ತು.

ಇಂಥ ಹೊತ್ತಿನಲ್ಲಿ ಹನುಮಂತನಗರದ ಮಾಧವಿ ಮಗಳ ಮದುವೆಯ ಹನ್ನೊಂದು ರವಿಕೆಗಳ ಬಟ್ಟೆ ಹೊತ್ತು ಬಂದರು.

ಮಾಧವಿ ಬಡಾವಣೆಯ ಮಹಿಳಾ ಸಂಘದ ಕಾರ್ಯದರ್ಶಿ. ಯಜಮಾನರು ವೇಣುಗೋಪಾಲ್ ಸೈಟು, ಮನೆಗಳ ವ್ಯವಹಾರದವರು. ಮಾಧವಿಯವರು ಎಲ್ಲಿ ಕೂತರೂ ಅದು ವೇದಿಕೆಯಾಗುತ್ತಿತ್ತು. ತರಕಾರಿಯವನಿಗೂ ಮೊದಲು ಸ್ವಾಗತ ಹೇಳಿ ಆಮೇಲೆ ಚೌಕಾಸಿ ಮಾಡುತ್ತಿದ್ದರು. ಅಂದು ಬಂದವರು ಕೂರಲಿಲ್ಲ. ಹಿತ್ತಿಲ ಬಾಗಿಲಿನಾಚೆ ತಂತಿಯ ಮೇಲೆ ಒಣಗುತ್ತಿದ್ದ ಬೆಲ್ಟಿನ ಮೇಲೆ ಅವರ ಕಣ್ಣು ನೆಟ್ಟಿತು.

“ಓಹೋ! ಇದಾ ನಿಮ್ ಗುಟ್ಟು? ಅರವತ್ತರ ಮೇಲಾದ್ರೂ ಸೊಂಟ ಹಿಂಗಿದೆ ಅಂದ್ರೆ ಏನೋ ಇದೆ ಅಂತ ನಂಗೆ ಮೊದಲಿಂದ್ಲೂ ಡೌಟು.”

“ಅಯ್ಯೋ, ಅದು ಬೆನ್ನುನೋವಿಗೆ ಕಣಮ್ಮ.”

“ಹೇಳ್ಕೊಡಬಾರ್ದು ಅಂತಿದ್ರೆ ಬಿಡಿ ಭಾಗೀರಥಮ್ಮ. ನಾನೂ ತರಿಸಿದೀನಿ,” ಎಂದು ಮಾಧವಿ ಸೆರಗು ಸರಿಸಿ ತೋರಿಸಿದರು. ಎದೆಯ ಕೆಳಗಿನಿಂದ ತೊಡೆಯ ಮೇಲಿನವರೆಗೆ ಚರ್ಮದ ಬಣ್ಣದ ಒಂದು ಕವಚ. ಮೂರು ಸಾಲು ಹುಕ್ಕು. “ಆನ್‌ಲೈನು. ದಿನಾ ಎಂಟು ಗಂಟೆ ಕಟ್ಕೊಂಡ್ರೆ ಆರು ವಾರದಲ್ಲಿ ಪರ್ಮನೆಂಟಾಗಿ ಮೂರಿಂಚು ಇಳಿಯುತ್ತೆ. ಮದುವೆಗೆ ಕರೆಕ್ಟಾಗಿ ಆರು ವಾರ ಇದೆ.”

ಸೆರಗು ಸರಿಮಾಡಿಕೊಂಡು ಅವರು ಮುಂದುವರಿಸಿದರು. ವಿಷಯದ ಮೂಲ ಬೀಗಿತ್ತಿ ಸುಪ್ರಜಾ. ಆಕೆ ಮಲ್ಲೇಶ್ವರದವರು, ಯೋಗ ಹೇಳಿಕೊಡುವವರು, ಕಡ್ಡಿಯ ಹಾಗಿರುವವರು. ಫೋಟೋದಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲಬೇಕು. ಆಮೇಲೆ ಆ ಫೋಟೋ ಮೂವತ್ತು ವರ್ಷ ಎರಡೂ ಮನೆಯ ಗೋಡೆಯ ಮೇಲಿರುತ್ತದೆ.

“ಅಳತೆ ತಗೊಳ್ಳಿ. ಬೆಲ್ಟಿನ ಮೇಲೇ.”

ಭಾಗೀರಥಮ್ಮ ಟೇಪು ಸುತ್ತಿದರು. ಮೂವತ್ತೈದು. ಅಳತೆಯ ಪುಸ್ತಕ ತೆಗೆದರು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಹಳೆಯ ಅಳತೆಯನ್ನು ಎಂದೂ ಹೊಡೆದುಹಾಕುತ್ತಿರಲಿಲ್ಲ. ಹೊಸದನ್ನು ಕೆಳಗೆ ಬರೆಯುತ್ತಿದ್ದರು. ಮಾಧವಿಯ ಪುಟದಲ್ಲಿ ಮೇಲೆ ಇಪ್ಪತ್ತೇಳು ಇತ್ತು, ಆಮೇಲೆ ಮೂವತ್ತು, ಮೂವತ್ಮೂರು, ಯುಗಾದಿಯ ಹೊತ್ತಿಗೆ ಮೂವತ್ತೆಂಟು. ಬಸುರು, ಬಾಣಂತನ, ಅತ್ತೆಯ ಸಾವು, ಸಂಘದ ಚುನಾವಣೆ ಎಲ್ಲಕ್ಕೂ ಅಲ್ಲಿ ಲೆಕ್ಕವಿತ್ತು. ಮೂವತ್ತು ವರ್ಷದಲ್ಲಿ ಆ ಪುಸ್ತಕದ ಯಾವ ಪುಟದಲ್ಲೂ ಸಂಖ್ಯೆ ಆರು ವಾರದಲ್ಲಿ ಮೂರಿಂಚು ಇಳಿದದ್ದನ್ನು ಭಾಗೀರಥಮ್ಮ ಕಂಡಿರಲಿಲ್ಲ. ಟೈಫಾಯಿಡ್ ಬಂದಾಗ ಒಬ್ಬರಿಗೆ ಎರಡಿಂಚು ಇಳಿದಿತ್ತು.

“ಇನ್ನೊಂದು ಮಾತು,” ಎಂದರು ಮಾಧವಿ. “ಒಳಗಡೆ ಮಾರ್ಜಿನ್ ಬಿಡ್ಬೇಡಿ. ಉಬ್ಬಿದ ಹಾಗೆ ಕಾಣುತ್ತೆ. ಕತ್ತರಿಸಿಬಿಡಿ.”

ಭಾಗೀರಥಮ್ಮನ ಕೈ ಟೇಪಿನ ಮೇಲೇ ನಿಂತಿತು. ರವಿಕೆಯ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು, ಕಾಲಿಂಚಿನ ಅಂತರದಲ್ಲಿ ನಾಲ್ಕು ಸಾಲು ಹೊಲಿಗೆ ಹಾಕುವುದು ಅವರ ಕ್ರಮ. ಮೈ ಬಂದ ಹಾಗೆ ಗಿರಾಕಿ ಒಂದೊಂದೇ ಸಾಲು ಬಿಚ್ಚಿಕೊಳ್ಳುತ್ತಾಳೆ. ಎರಡೂ ಪಕ್ಕ ಸೇರಿ ಒಂದು ಸಾಲಿಗೆ ಒಂದಿಂಚು ಸಡಿಲ. ಹೆಂಗಸರಿಗೆ ತಾವು ಮಾಡುವ ದೊಡ್ಡ ಉಪಕಾರ ಅದೇ ಎಂದು ಅವರು ಎಣಿಸಿದ್ದರು.

“ಬಿಡದೆ ಹೊಲಿದ್ರೆ, ನಾಳೆ ಹೆಚ್ಚುಕಮ್ಮಿ ಆದ್ರೆ?”

“ಆಗಲ್ಲ. ಆದ್ರೆ ನಿಮ್ ಕೈ ತಪ್ಪಾಯ್ತು ಅಂತಾರೆ ಅಷ್ಟೆ. ಮೊದಲೇ ಜನ ಏನೇನೋ ಮಾತಾಡ್ತಿದಾರೆ.”

ಬೇಕೆಂದು ಚುಚ್ಚಿದ ಮಾತಲ್ಲ ಅದು. ಸಂಘದ ಸಭೆಗಳಲ್ಲಿ ನಡಾವಳಿ ಓದಿ ಅಭ್ಯಾಸವಾದವರು, ಇದ್ದದ್ದನ್ನು ಓದಿಬಿಟ್ಟರು. ಭಾಗೀರಥಮ್ಮ “ಆಗ್ಲಿ” ಎಂದರು. ವಾದ ಮಾಡಲು ಬೆನ್ನು ಬೇಕಾಗುತ್ತದೆ.

ಆರು ವಾರದಲ್ಲಿ ಹತ್ತು ರವಿಕೆ ಮೊದಲು ಮುಗಿದವು. ಧಾರೆಗೆ ಮಾಧವಿ ತೊಡಬೇಕಿದ್ದ ರೇಷ್ಮೆ ರವಿಕೆಯನ್ನು ಕೊನೆಗೆ ಉಳಿಸಿಕೊಂಡರು. ಕತ್ತರಿ ಹಿಡಿದು ಬಹಳ ಹೊತ್ತು ಕೂತರು. ಹೇಳಿದ ಹಾಗೆ ಕತ್ತರಿಸಿದರೆ ಹರಿಯುವುದು ರವಿಕೆ, ಹೋಗುವುದು ತನ್ನ ಹೆಸರು. ಕತ್ತರಿಸದೆ ಅದು ಕಣ್ಣಿಗೆ ಬಿದ್ದರೆ ಮಾತು ಮೀರಿದ ಅಪವಾದ. ಕೊನೆಗೆ ಕತ್ತರಿ ಕೆಳಗಿಟ್ಟರು. ಮೂವತ್ತೆಂಟಕ್ಕೆ ಒಂದು ಸಾಲು, ಮೂವತ್ತೇಳಕ್ಕೆ, ಮೂವತ್ತಾರಕ್ಕೆ, ಮೂವತ್ತೈದಕ್ಕೆ ಒಂದೊಂದು. ಉಳಿದ ಬಟ್ಟೆಯನ್ನು ಇಸ್ತ್ರಿಯಲ್ಲಿ ಹಪ್ಪಳದ ಹಾಗೆ ಒತ್ತಿ ಲೈನಿಂಗಿನ ಅಡಿಯಲ್ಲಿ ಮಲಗಿಸಿದರು. ಬೆಲ್ಟಿನ ಮೇಲೆ ತೊಟ್ಟು ನೋಡಿದ ಮಾಧವಿ, “ಮಾರ್ಜಿನ್ ಇಲ್ದೆ ಎಷ್ಟು ನೀಟಾಗಿದೆ ನೋಡಿ” ಎಂದರು.

ಮದುವೆ ಚಾಮರಾಜಪೇಟೆಯ ಒಂದು ಛತ್ರದಲ್ಲಿ. ಭಾಗೀರಥಮ್ಮನಿಗೂ ಕರೆಯೋಲೆ ಬಂದಿತ್ತು. ಯಾವ ಮದುವೆಗೆ ಹೋದರೂ ಅವರ ಪರ್ಸಿನಲ್ಲಿ ಸೂಜಿ, ದಾರ, ಅರ್ಧ ಬ್ಲೇಡು ಇರುತ್ತಿದ್ದವು; ಅಂದೂ ಇದ್ದವು. ಹಿಂದಿನ ಸಾಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾಧವಿಯ ಪಕ್ಕೆಯನ್ನೇ ನೋಡುತ್ತಿದ್ದರು. ಹೊಲಿಗೆ ಎಳೆದಿತ್ತು.

ಅಳಿಯನ ಕಾಲು ತೊಳೆಯುವ ಶಾಸ್ತ್ರ ಬಂತು. ವೇಣುಗೋಪಾಲ್ ತಟ್ಟೆಯ ಮುಂದೆ ಕೂತರು. ಮಾಧವಿ ಪಕ್ಕದಲ್ಲಿ ಬಗ್ಗಿ ಚೊಂಬಿನಿಂದ ನೀರು ಬಿಡಬೇಕು. ಬಗ್ಗಲಾಗಲಿಲ್ಲ. ದೀಪದ ಕಂಬದ ಹಾಗೆ ನಿಂತು ಮೇಲಿನಿಂದಲೇ ಬಿಟ್ಟರು. ನೀರು ಅಳಿಯನ ಮಂಡಿಗೆ ಬಿದ್ದು ಪಂಚೆಯೆಲ್ಲ ಒದ್ದೆಯಾಯಿತು.

“ಸ್ವಲ್ಪ ಬಗ್ಗಿ ತಾಯಿ, ಕಾಲು ಕೆಳಗಿದೆ,” ಎಂದರು ಪುರೋಹಿತರು.

“ಇವ್ಳು ಬಗ್ಗೋ ಪೈಕಿ ಅಲ್ಲ ಸ್ವಾಮಿ, ಮೂವತ್ತು ವರ್ಷದಿಂದ ನೋಡ್ತಿದೀನಿ,” ಎಂದರು ವೇಣುಗೋಪಾಲ್. ಎಲ್ಲರೂ ನಕ್ಕರು. ಮಾಧವಿಗೆ ನಗಲು ಉಸಿರಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ಧಾರೆಗೆ ಇನ್ನು ಇಪ್ಪತ್ತು ನಿಮಿಷವಿದ್ದಾಗ ಹೆಣ್ಣಿನ ಕೋಣೆಗೆ ಭಾಗೀರಥಮ್ಮನನ್ನು ಕರೆಸಿದರು. ಮಾಧವಿ ರವಿಕೆ ಬಿಚ್ಚಿ ಸೆರಗು ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಕೂರಲೂ ಆಗುತ್ತಿರಲಿಲ್ಲ.

“ಬೆಲ್ಟ್ ಬಿಚ್ಚಿ,” ಎಂದರು ಭಾಗೀರಥಮ್ಮ.

“ಬಿಚ್ಚಿದ್ರೆ ರವಿಕೆ ಹತ್ತೋದೇ ಇಲ್ಲ! ಮಾರ್ಜಿನ್ ಬೇರೆ ಕತ್ತರಿಸಿಬಿಟ್ಟಿದೀರಲ್ಲ!”

“ಕತ್ತರಿಸಿಲ್ಲ.”

ಮಾಧವಿ ಬಾಯಿ ತೆರೆದರು. ಬೈಯಲೋ, ಉಸಿರಿಗೋ ತಿಳಿಯಲಿಲ್ಲ. ಭಾಗೀರಥಮ್ಮ ಪರ್ಸಿನಿಂದ ಬ್ಲೇಡು ತೆಗೆದರು. ಅದು ಕೈಜಾರಿ ಕೆಳಗೆ ಬಿತ್ತು.

ಇಬ್ಬರೂ ಅದನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ನಾಗಸ್ವರ ಜೋರಾಯಿತು.

“ಎತ್ಕೊಳ್ಳಿ ಭಾಗೀರಥಮ್ಮ.”

“ನಾಲ್ಕು ವರ್ಷ ಆಯ್ತಮ್ಮ ನಾನು ಬಗ್ಗಿ. ಅದು ಬೆನ್ನುನೋವಿನ ಬೆಲ್ಟು ಅಂತ ಅವತ್ತೇ ಹೇಳ್ದೆ.”

ಮಾಧವಿ ಒಂದು ಸಲ ಪ್ರಯತ್ನಿಸಿದರು. ಮಂಡಿಯವರೆಗೆ ಕೈ ಹೋಗಿ ನಿಂತಿತು. ಹಾಗೇ ಎದ್ದು, ಒಂದೊಂದಾಗಿ ಹುಕ್ಕು ಬಿಚ್ಚತೊಡಗಿದರು. ಕೊನೆಯ ಹುಕ್ಕು ಬಿಚ್ಚಿಕೊಂಡಾಗ ಅವರಿಂದ ಹೊರಟ ನಿಟ್ಟುಸಿರು ಆರು ವಾರದ್ದು. ಬಗ್ಗಿ ಬ್ಲೇಡು ಎತ್ತಿಕೊಟ್ಟರು.

ಭಾಗೀರಥಮ್ಮ ಕಿಟಕಿಯ ಬೆಳಕಿಗೆ ರವಿಕೆ ಹಿಡಿದು, ಲೈನಿಂಗಿನಂಚು ಬಿಡಿಸಿ, ಎರಡೂ ಪಕ್ಕದಲ್ಲಿ ಮೂರು ಮೂರು ಸಾಲು ಬಿಚ್ಚಿದರು. ನಾಲ್ಕನೆಯದನ್ನು ಮುಟ್ಟಲಿಲ್ಲ. ರವಿಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಆರು ವಾರ ಕಟ್ಟಿದ ಸೊಂಟ ಯುಗಾದಿಯ ಸಂಖ್ಯೆಯಿಂದ ನೂಲಿನೆಳೆಯಷ್ಟೂ ಕದಲಿರಲಿಲ್ಲ.

ಧಾರೆ ಆಯಿತು. ಮಾಧವಿ ಬಗ್ಗಿ, ಎದ್ದು, ಅತ್ತು, ಫೋಟೋಗೆ ನಿಂತು ಎಲ್ಲವನ್ನೂ ಮಾಡಿದರು. ಎರಡನೆಯ ಪಂಕ್ತಿಯಲ್ಲಿ ತಾವೇ ಉಪಚಾರಕ್ಕೆ ಬಂದು ಭಾಗೀರಥಮ್ಮನ ಎಲೆಯ ಮುಂದೆ ನಿಂತರು. ಕೈಯಲ್ಲಿ ಹೋಳಿಗೆಯ ತಟ್ಟೆ.

“ಬೀಗಿತ್ತಿ ಕೇಳಿದ್ರು, ಯಾರು ಹೊಲಿದದ್ದು, ಇಷ್ಟು ಚೆನ್ನಾಗಿ ಕೂತಿದೆ ಅಂತ. ನಿಮ್ ಹೆಸರು ಹೇಳಿದೀನಿ. ಮುಂದಿನ ವಾರ ಬರ್ತಾರಂತೆ.”

ಮೆಷಿನ್ ಅಟ್ಟ ಹತ್ತುವುದಿಲ್ಲ. ಭಾಗೀರಥಮ್ಮನಿಗೆ ಸಮಾಧಾನವಾಯಿತು; ಹಿಂದೆಯೇ ಮಲ್ಲೇಶ್ವರದವರ ರವಿಕೆಗಳೆಲ್ಲ ಒಟ್ಟಿಗೆ ಬಂದು ಬೆನ್ನ ಮೇಲೆ ಕೂತ ಹಾಗಾಯಿತು. ಹೋಳಿಗೆ ಸಾಕೆಂದು ಕೈ ಅಡ್ಡ ಹಿಡಿದರು.

ಮಾಧವಿ ಕಿವಿಯ ಹತ್ತಿರ ಬಗ್ಗಿದರು. “ನಿಜ ಹೇಳಿ ಭಾಗೀರಥಮ್ಮ. ಆರು ವಾರ ಸಾಲ್ದೇ ಹೋಯ್ತು ಅನ್ಸುತ್ತೆ. ಇನ್ನೊಂದಾರು ತಿಂಗಳು ಬಿಗಿಯಾಗಿ ಕಟ್ಕೊಂಡಿದ್ರೆ ಸಣ್ಣ ಆಗ್ತಿದ್ನಲ್ವಾ?”

“ಇಲ್ಲ,” ಎಂದರು ಭಾಗೀರಥಮ್ಮ. “ದಿಂಬಿಗೆ ಚಿಕ್ಕ ಕವರ್ ಹೊಲಿದ್ರೆ ಒಳಗಿನ ಹತ್ತಿ ಕಮ್ಮಿ ಆಗಲ್ಲ.”