ತಲೆಕೆಳಗಾದ ರೆಕ್ಕೆಯ ಮೇಲೆ ಮರಳು

ನಾನು ಸಿರ್ಸಿಯ ಹೈಸ್ಕೂಲಿನಲ್ಲಿ ಓದಿದೆ ಎನ್ನುವುದಕ್ಕಿಂತ ಅಲ್ಲಿನ ಮಾಸ್ತರರ ದನಿಗಳನ್ನೆಲ್ಲ ಕದ್ದೆ ಎನ್ನುವುದೇ ಸರಿ. ಹೆಡ್ ಮಾಸ್ತರರದು ಮೂಗಿನ ದನಿ. ವಿಜ್ಞಾನದ ಮಾಸ್ತರರು ಧಾರವಾಡದ ಕಡೆಯವರು, ಎರಡು ಮಾತಿಗೊಮ್ಮೆ ಕೆಮ್ಮುವವರು. ಅವರನ್ನು ಅಣಕಿಸಿದರೆ ಇಡೀ ಬೆಂಚೇ ನಗುತ್ತಿತ್ತು. ನನ್ನ ಸ್ವಂತ ದನಿ ಮಾತ್ರ ಆಗಷ್ಟೇ ಒಡೆದು, ಎಣ್ಣೆ ಕಾಣದ ಬಾಗಿಲಿನಂತಿತ್ತು. ಬೇರೆಯವರದು ಕದಿಯದೆ ಗತಿಯಿರಲಿಲ್ಲ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಯಲ್ಲಾಪುರದ ಕಾಡಿನಿಂದ ಮರ ಹೊತ್ತು ಬರುವ ನಾಟಾ ಲಾರಿಗಿಂತ ದೊಡ್ಡ ಯಂತ್ರ ಕಾಣದ ನಮಗೆ ವಿಜ್ಞಾನದ ಮಾಸ್ತರರು ಶಾಲೆಯ ಹಿಂದಿನ ಕೋಣೆಯಲ್ಲಿ ಗ್ಲೈಡರಿನ ರೆಕ್ಕೆ ಕಟ್ಟುವುದನ್ನು ಕಲಿಸುತ್ತಿದ್ದರು. ಹೆಡ್ ಮಾಸ್ತರರಿಗೆ ಆ ಕೋಣೆ ಮುರಿದ ಬೆಂಚು ತುಂಬಲು ಬೇಕಿತ್ತು.

"ಶನಿವಾರ ಬಂದು ನೋಡ್ತೇನೆ. ರೆಕ್ಕೆ ಭಾರ ತಡೆದ್ರೆ ಕೋಣೆ ನಿಮ್ದು. ಮುರಿದ್ರೆ ಬೆಂಚಿಂದು," ಎಂದರು, ಮೂಗಿನಿಂದಲೇ.

ರೆಕ್ಕೆಗೆ ಬೆನ್ನೆಲುಬು ಒಂದು ಉದ್ದನೆಯ ಕಾಗದದ ಕೊಳವೆ. ಅದಕ್ಕೆ ಬಿದಿರಿನ ಪಕ್ಕೆಲುಬು, ಮೇಲೆ ತೆಳು ಕಾಗದದ ಹೊದಿಕೆ. ಗುರುವಾರ ಅದರ ಒಂದು ತುದಿಯನ್ನು ಗೋಡೆಗೆ ಬಿಗಿದು ಮೇಲೆ ಮರಳು ಸುರಿದೆವು. ಎರಡು ಹಿಡಿಗೇ ರೆಕ್ಕೆ ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡಿತು.

ವಿಜ್ಞಾನದ ಮಾಸ್ತರರು ಹೊದಿಕೆ ಬಿಚ್ಚಿ ನೋಡಿದರು. ಕೊಳವೆ ಉದ್ದಕ್ಕೂ ಸೀಳಿತ್ತು!

"ಯಾರ್ ಸೀಳಿದ್ದು ಇದನ್ನ?"

"ಆನು," ಎಂದ ವಾನಳ್ಳಿಯ ಗೆಳೆಯ. "ಹಗುರ ಆಗ್ಲಿ ಹೇಳಿ ಒಂದು ಪಟ್ಟಿ ತೆಗೆದಿ. ನಮ್ಮಲ್ಲಿ ಅಡಕೆ ಮರ ಸೀಳೇ ತೋಟಕ್ಕೆ ನೀರಿನ ದಂಬೆ ಮಾಡ್ತ. ನೀರು ಹರಿತು, ಎಂತ ಆಗ್ತಿಲ್ಲೆ."

"ಮಾರಾಯಾ, ಇದ್ರಲ್ಲಿ ನೀರು ಹರಿಸೂದಾ?" ಎಂದೆ ನಾನು. ಅವನು ಸೀಳುವಾಗ ಕೊಳವೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವನು ನಾನೇ, ಆ ಮಾತು ಬೇರೆ.

ಮಾಸ್ತರರು ಬೈಯಲಿಲ್ಲ. ಹಳೆಯ ಪತ್ರಿಕೆಯೊಂದನ್ನು ಸುರುಳಿ ಸುತ್ತಿ, ಅಂಚಿಗೆ ಮೈದಾ ಅಂಟು ಹಚ್ಚಿ ಒಣಗಿಸಿ ನನ್ನ ಕೈಗಿತ್ತರು. "ತಿರುಚು." ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅದನ್ನೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮತ್ತೆ ಕೊಟ್ಟರು. ಎರಡು ಬೆರಳಿಗೇ ತಿರುಚಿಕೊಂಡಿತು.

"ಅಂಚು ನೋಡ್ರಿ, ಒಂದರ ಮಗ್ಗಲಾಗ ಇನ್ನೊಂದು ಜಾರಾಕತ್ತೇತಿ. ಜಾರಾಕ ಬಿಡಬಾರ್ದು. ಗೋಡಿ ತೆಳ್ಳಗಿರ್ಲಿ, ಆದ್ರ ಸುತ್ತ ಮುಚ್ಚಿರ್ಬೇಕು. ಅಷ್ಟ ನೋಡ್ರಿ ವಿಮಾನ ಅಂದ್ರ!" ಕೆಮ್ಮು.

ಅಂದು ಸಂಜೆ ಸೀಳಿಗೆ ಕಾಗದದ ಪಟ್ಟಿ ಅಂಟಿಸುತ್ತ ನಾನು ಆ ಪಾಠವನ್ನು ಕೆಮ್ಮಿನ ಸಮೇತ ಅಭಿನಯಿಸಿದೆ. ಗೆಳೆಯ ನಕ್ಕು ನಕ್ಕು ಅಂಟಿನ ಪಾತ್ರೆ ಮಗುಚಿದ.

ಶನಿವಾರ ಮಾಸ್ತರರ ಗಂಟಲು ಪೂರ್ತಿ ಕಟ್ಟಿತ್ತು. ಹೆಡ್ ಮಾಸ್ತರರು ಬಂದವರೇ, "ರೆಕ್ಕೆ ಯಾಕೆ ತಲೆಕೆಳಗಿದೆ?" ಎಂದರು. ಮಾಸ್ತರರು ಬಾಯಿ ತೆರೆದರು, ಬರೀ ಗಾಳಿ ಬಂತು. ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ನನ್ನ ದನಿ ನಿನ್ನ ಕಡೆ ಐತಲ್ಲಪಾ. ತಗಿ ಹೊರಗ."

ಅವರಿಗೆ ಮೊದಲಿಂದಲೂ ಗೊತ್ತಿತ್ತು! ನಾನು ಹೆಡ್ ಮಾಸ್ತರರ ಕಡೆ ತಿರುಗಿದೆ. ಬಾಯಿ ತೆರೆದರೆ ಬಂದದ್ದು ಅವರದೇ ದನಿ: "ಹಾರುವಾಗ ಗಾಳಿ ರೆಕ್ಕಿನ ಮ್ಯಾಲಕ್ಕ ಎತ್ತತೈತ್ರಿ. ಮರಳು ಕೆಳಕ್ಕ ಒತ್ತತೈತಿ. ಅದಕ್ಕ ರೆಕ್ಕಿನ ಬೋರಲು ಹಾಕೇವ್ರಿ. ಗಾಳಿ ಮಾಡೂ ಕೆಲಸ ಮರಳು ಮಾಡತೈತಿ." ಕೊಳವೆ ಯಾಕೆ ಮುಚ್ಚಿರಬೇಕು ಎಂಬುದನ್ನೂ ಹೇಳಿದೆ. ಹೇಳುತ್ತಿದ್ದಂತೆ ತಿಳಿಯಿತು: ಅಣಕಿಸುತ್ತ ಅಣಕಿಸುತ್ತ ನಾನು ಪಾಠವನ್ನೇ ಕಲಿತುಬಿಟ್ಟಿದ್ದೆ.

ಮರಳಿನ ಚೀಲಗಳು ಒಂದೊಂದಾಗಿ ಏರಿದವು. ರೆಕ್ಕೆ ಬಾಗಿತು, ತಿರುಚಲಿಲ್ಲ. ತಂದ ಚೀಲಗಳೆಲ್ಲ ಮುಗಿದವು. ಹೆಡ್ ಮಾಸ್ತರರು ಮೂಗು ಒರೆಸಿಕೊಂಡು, "ಬೆಂಚು ವರಾಂಡದಲ್ಲೇ ಇರಲಿ," ಎಂದು ಹೊರಟರು.

ಆಮೇಲೆ ಎಷ್ಟೋ ದನಿ ಕದ್ದಿದ್ದೇನೆ. ಕದ್ದ ಮಾಲನ್ನು ಇಟ್ಟುಕೋ ಎಂದು ಬಿಟ್ಟುಕೊಟ್ಟವರು ಅವರೊಬ್ಬರೇ. ಅಂದು ಕೋಣೆಗೆ ಬೀಗ ಹಾಕುತ್ತ ಇಷ್ಟೇ ಪಿಸುಗುಟ್ಟಿದ್ದರು: "ಎಲ್ಲಾ ಛಲೋ ಹೇಳಿದಿ. ಕೆಮ್ಮೊಂದು ಮರ್ತಿ ನೋಡು."