ಹೆಬ್ಬೆರಳಿನ ಎಣ್ಣೆ

ಆ ಬಿಳಿ ಹಾಳೆಯ ಮೇಲೆ ಉಳಿದ ಕಲೆ ನಿನ್ನ ಪಂಪಿನ ಪೆಟ್ರೋಲಿನದಲ್ಲ, ಹುಲಿಗೆಮ್ಮಕ್ಕ. ನನ್ನ ತಲೆಯ ಕೊಬ್ಬರಿ ಎಣ್ಣೆಯದು. ಬೇಕೆಂದೇ ಹೆಬ್ಬೆರಳಿಗೆ ಸವರಿಕೊಂಡಿದ್ದೆ. ನಿನ್ನ ಪೆಟ್ರೋಲ್ ಶುದ್ಧವಾಗಿತ್ತು. ನೀನೂ — ಬೇಡ, ಅದನ್ನು ಹೇಳುವ ಯೋಗ್ಯತೆ ನನಗೆಲ್ಲಿದೆ.

ಹನ್ನೊಂದು ವರ್ಷ ಇಷ್ಟು ಮಾತನ್ನು ನುಂಗಿಕೊಂಡು ಕೂತಿದ್ದೆ. ನಿನಗಿದು ಹೊಸದಲ್ಲ, ಆ ಕ್ಷಣವೇ ನಿನಗೆ ಗೊತ್ತಾಗಿತ್ತು. ಗೊತ್ತಾಗಬೇಕಾದವರು ಅಂದು ನಿಂತು ನೋಡಿದ ಹಡಗಲಿಯ ಹೂ ಮಾರುವವರು. ಇದನ್ನು ಮೊದಲು ಅವರ ಮುಂದೆ ಓದಬೇಕೆಂದಿದ್ದೇನೆ. ಅದಕ್ಕೇ ನೀನು ಬಲ್ಲದ್ದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಕೊಟ್ಟೂರಿನ ಬಂಕಿಗೆ ನಾನು ಕೆಲಸಕ್ಕೆ ಸೇರಿದಾಗ ಪೈಪು ಹಿಡಿಯುವುದನ್ನು ಕಲಿಸಿದವಳು ನೀನು. ನಮ್ಮ ಕಡೆಯ ಬಂಕುಗಳಲ್ಲಿ ಪೈಪು ಹಿಡಿದ ಇನ್ನೊಬ್ಬ ಹೆಂಗಸನ್ನು ಆಗ ನಾನು ನೋಡಿರಲಿಲ್ಲ. ಗಾಡಿ ನಿಂತ ಕೂಡಲೇ ನೀನು ಮೀಟರ್ ತೋರಿಸಿ “ಝೀರೋ ನೋಡ್ಕಳ್ರಿ” ಎನ್ನುತ್ತಿದ್ದೆ. ಅದನ್ನು ನಾವೆಲ್ಲರೂ ಅನ್ನುತ್ತೇವೆ — ಅಂದು, ಅವರು ನೋಡುವ ಮೊದಲೇ ಪೈಪು ಒತ್ತಿಬಿಡುತ್ತೇವೆ. ನೀನು ಮಾತ್ರ ಗಿರಾಕಿ ಕತ್ತೆತ್ತಿ ನೋಡಿ ‘ಹ್ಞೂಂ’ ಅನ್ನುವ ತನಕ ಒಂದು ಹನಿ ಬಿಡುತ್ತಿರಲಿಲ್ಲ. ಹಿಂದೆ ಸಾಲು ನಿಂತು ಹಾರ್ನ್ ಬಡಿದರೂ ಅಷ್ಟೇ.

ಫಿಲ್ಟರ್ ಪೇಪರ್ ಪರೀಕ್ಷೆಯನ್ನೂ ನೀನೇ ಕಲಿಸಿದ್ದು. ಬಿಳಿ ಹಾಳೆಯ ಮೇಲೆ ಒಂದೇ ಒಂದು ಹನಿ ಪೆಟ್ರೋಲ್ ಬಿಡಬೇಕು. ಒಳ್ಳೆಯದಾಗಿದ್ದರೆ ಎರಡು ನಿಮಿಷದಲ್ಲಿ ಆರಿ ಗುರುತೇ ಉಳಿಯುವುದಿಲ್ಲ. ಕಲೆ ಉಳಿದರೆ ಕಲಬೆರಕೆ. ಯಾವ ಗಿರಾಕಿ ಕೇಳಿದರೂ ಬಂಕಿನವರು ಹಾಳೆ ಕೊಡಲೇಬೇಕು. ಒಂದು ದಿನ ನಾನು ಹಿಡಿದ ಹಾಳೆಯಲ್ಲಿ ಕಲೆ ಉಳಿದುಬಿಟ್ಟಿತು. ನೀನು ಹಾಳೆ ನೋಡಿದೆ, ನನ್ನ ತಲೆ ನೋಡಿದೆ, ಕಿವಿ ಹಿಡಿದು ತಿರುವಿದೆ.

“ಲೇ ಕೊಟ್ರೇಶಿ, ತಲಿಗೆ ಅಷ್ಟು ಎಣ್ಣಿ ಬಡ್ಕಂಡು ಅದೇ ಕೈಲಿ ಹಾಳಿ ಹಿಡದ್ರ ಇನ್ನೇನಾಗ್ತತಿ? ಕೈ ತೊಳ್ಕಾ ಬಾ ಇಲ್ಲಿ.”

ಸೋಪಿನ ಪುಡಿ ಕೊಟ್ಟು ನೀನೇ ಚೊಂಬಿನಿಂದ ನೀರು ಹಾಕಿದೆ. ಎರಡನೆಯ ಹಾಳೆ ಬೆಳ್ಳಗೆ ಉಳಿಯಿತು. ಆ ದಿನ ಕಲಿತ ಪಾಠವನ್ನು ನಾನು ಯಾವುದಕ್ಕೆ ಬಳಸಿದೆ ನೋಡು.

ಆಮೇಲೆ ಶುರುವಾಯಿತು ಸಾಹುಕಾರರ ಮೇಲಾಟ. ನಮ್ಮ ಕೊಟ್ಟೂರಿನ ಸಾಹುಕಾರರು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬಂಕು ತೆರೆದರೆ ಹರಪನಹಳ್ಳಿಯ ಸಾಹುಕಾರರು ಕೂಡ್ಲಿಗಿಯಲ್ಲಿ ಒಂದು. ಇವರು ಬಂಕಿನ ಪಕ್ಕ ಗಾಜಿನ ಬಾಗಿಲಿನ ಅಂಗಡಿ ಇಟ್ಟರು — ಬಿಸ್ಕೀಟು, ತಂಪು ಪಾನೀಯ, ಮಕ್ಕಳ ಆಟಿಕೆ. ಅವರು ಅದಕ್ಕಿಂತ ದೊಡ್ಡ ಅಂಗಡಿ ಇಟ್ಟು ಏಸಿ ಹಾಕಿಸಿದರು. ಇವರು ಚಹಾ ಪುಕ್ಕಟೆ ಎಂದರೆ ಅವರು ಚಹಾದ ಜೊತೆಗೆ ಮಿರ್ಚಿಯೂ ಪುಕ್ಕಟೆ ಎಂದರು. ಕೊನೆಗೆ ಹಡಗಲಿ ರಸ್ತೆಯಲ್ಲಿ ಎದುರಾಬದುರಾ ನಿಂತರು. ಈ ಕಡೆಯ ಬಂಕಿಗೆ ನಾನು ಮ್ಯಾನೇಜರ್. ಆ ಕಡೆಯ ಪಂಪಿನ ಮುಂದೆ ನೀನು. ಹರಪನಹಳ್ಳಿಯವರು ಕರೆದರು, ನೀನು ಹೋದೆ. ಹೋದದ್ದರಲ್ಲಿ ತಪ್ಪೇನಿತ್ತು? ನಮ್ಮವರು ನಿನ್ನನ್ನು ಜನ್ಮದಲ್ಲಿ ಪೈಪು ಬಿಡಿಸಿ ಮೇಲೆ ಕೂರಿಸುತ್ತಿರಲಿಲ್ಲ. ಆದರೆ ನನಗೆ — ಏನೋ, ನನ್ನನ್ನೇ ಬಿಟ್ಟು ಹೋದ ಹಾಗಾಯಿತು.

ಆಗ ವ್ಯಾಪಾರವೆಲ್ಲ ಹೂವಿನ ಬೈಕುಗಳದೇ. ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಮಲ್ಲಿಗೆ ಗಂಟು ಕಟ್ಟಿಕೊಂಡು ಬರುವವರು, ಮಾರಿ ಹಿಂದಿರುಗುವಾಗ ಪೆಟ್ರೋಲ್ ಹಾಕಿಸಿಕೊಂಡು, ಅಂಗಡಿಯಲ್ಲಿ ಮನೆಗೆ ಒಂದಿಷ್ಟು ಕೊಂಡು ಹೋಗುವವರು. ನಾನು ಟವೆಲ್ ಹಂಚಿದೆ, ನೀರಿನ ಬಾಟಲಿ ಹಂಚಿದೆ, ಲಕ್ಕಿ ಡ್ರಾ ಇಟ್ಟೆ. ಟವೆಲ್ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿ ನಿನ್ನ ಹತ್ತಿರವೇ ಹೋದರು! ನೀನು ಅವರಿಗೆ ಏನೂ ಕೊಡುತ್ತಿರಲಿಲ್ಲ. ಕೇಳದಿದ್ದರೂ ಹಾಳೆ ತೆಗೆದು “ನೋಡ್ಕಂಡು ಹಾಕಿಸ್ಕಳ್ರಿ” ಎನ್ನುತ್ತಿದ್ದೆ, ಅಷ್ಟೇ.

ನಮ್ಮ ಸಾಹುಕಾರರು ಒಂದು ದಿನ ಬಂದು ಗಾಜಿನ ಬಾಗಿಲಿನಿಂದ ಆಚೆ ನೋಡುತ್ತಾ, “ಏನ್ಲೇ, ಆ ಹೆಣ್ಮಗಳ ಮುಂದ ನಿನ್ನ ಆಟ ಏನೂ ನಡೀವಲ್ದಲ್ಲ” ಎಂದರು. ಇಷ್ಟೇ ಅಂದದ್ದು. ಹೀಗೆ ಮಾಡು ಎಂದು ಅವರು ಹೇಳಲಿಲ್ಲ, ಅವರ ತಲೆಗೆ ನಾನಿದನ್ನು ಕಟ್ಟಲಾರೆ. ಅದೇ ವಾರ ನೀನು ರಸ್ತೆ ದಾಟಿ ಬಂದೆ. ನಿನ್ನ ಮುಖದಲ್ಲಿ ಅಂಥ ನಗು ನಾನು ಹಿಂದೆ ಕಂಡಿರಲಿಲ್ಲ.

“ದೀಪಾವಳಿ ಆದಮ್ಯಾಲ ಹರಪನಹಳ್ಳಿ ಬಂಕಿಗೆ ನನ್ನ ಮ್ಯಾನೇಜರ್ ಮಾಡ್ತಾರಂತಲೇ. ಕುರ್ಚಿ ಮ್ಯಾಲ ಕುಂದ್ರದು ಹೆಂಗಂತ ನೀನೇ ಕಲಸ್ಬೇಕು ನೋಡು.”

ನಾನು ಹಲ್ಲು ಕಿರಿದೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ನನಗೆ ಪೈಪು ಹಿಡಿಯಲು ಕಲಿಸಿದವಳು ನನ್ನ ಸಮಕ್ಕೆ ಬರುತ್ತಾಳೆ, ನಾಳೆ ಮೀರಿಯೂ ಹೋಗುತ್ತಾಳೆ — ಅದಕ್ಕೇ ಉರಿ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ, ಹುಡುಕಿದರೂ ಸಿಗುವುದಿಲ್ಲ.

ಮರುವಾರ ಗುರುವಾರ. ಶುಕ್ರವಾರದ ಪೂಜೆಗೆ ಹೂವಿಗೆ ಬೇಡಿಕೆ, ನಿನ್ನ ಬಂಕಿನಲ್ಲಿ ಬೈಕುಗಳ ಜಾತ್ರೆ. ನಾನು ಆ ಬೆಳಿಗ್ಗೆ ತಲೆಗೆ ಎಣ್ಣೆ ಸುರಿದುಕೊಂಡು ಬೈಕು ತಳ್ಳಿಕೊಂಡು ಬಂದೆ. “ನಮ್ ಬಂಕಿನ್ಯಾಗ ಕರೆಂಟಿಲ್ಲ, ನನಗೂ ಒಂದ್ ಲೀಟರ್ ಹಾಕಕ್ಕ. ಮೊದ್ಲು ಹಾಳಿ ಕೊಡು, ನೋಡಾಣ” ಎಂದೆ, ಕರೆಂಟು ಇದ್ದರೂ. ನೀನು ನಕ್ಕುಬಿಟ್ಟೆ. “ನಾ ಕಲಿಸಿದ್ದು ನನಗ ಪರೀಕ್ಷಿ ಮಾಡ್ತೀಯೇನಲೇ? ಹಿಡಿ.” ಹಾಳೆ ತೆಗೆದುಕೊಳ್ಳುವ ಮೊದಲು ತಲೆ ಕೆರೆದುಕೊಂಡವನಂತೆ ಕೂದಲೊಳಗೆ ಹೆಬ್ಬೆರಳು ಆಡಿಸಿದೆ. ಹಾಳೆಯ ಅಂಚು ಹಿಡಿಯಲಿಲ್ಲ, ನಟ್ಟನಡುವೆ ಒತ್ತಿ ಹಿಡಿದೆ. ನೀನು ಹನಿ ಬಿಟ್ಟೆ. ಪೆಟ್ರೋಲ್ ಆರಿತು. ಎಣ್ಣೆ ಉಳಿಯಿತು.

ನಾನು ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದೆ. ಹೂವಿನವರಲ್ಲಿ ಒಬ್ಬ ಮುದುಕ “ಅಯ್ಯಯ್ಯ, ಇದೇನಬೇ ಹುಲಿಗೆಮ್ಮ!” ಎಂದ. ನೀನು ಹಾಳೆ ಕಿತ್ತುಕೊಂಡು ನೋಡಿದೆ. ಆಮೇಲೆ ನನ್ನ ತಲೆ ನೋಡಿದೆ. ಮೆಲ್ಲಗೆ ಕೇಳಿದೆ —

“ಕೈ ತೊಳ್ಕಂಡು ಬಂದಿದ್ದೇನಲೇ ಕೊಟ್ರೇಶಿ?”

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ‘ಅಯ್ಯೋ, ಮರೆತಿದ್ದೆ ಅಕ್ಕ’ ಎಂದು ನಕ್ಕಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನಾನು ಜನರ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ: “ನೋಡ್ರಪ್ಪಾ! ಕಲಬೆರಕಿ ಮಾಡಿದ್ದು ತಾನು, ನನ್ನ ಕೈ ಹೊಲಸು ಅಂತಾಳ!”

ನನ್ನ ನಾಲಿಗೆ ಸೇದಿಹೋಗಬೇಕಿತ್ತು, ಹೋಗಲಿಲ್ಲ. ನೀನು ಇನ್ನೊಂದು ಹಾಳೆಗೆ ಕೈ ಹಾಕಿದೆ, “ಬ್ಯಾರೆಯವ್ರು ಯಾರಾರ ಹಿಡೀರಿ” ಎಂದು ಬೇಡಿದೆ. ಅಷ್ಟರಲ್ಲಿ ನಿಮ್ಮ ಮ್ಯಾನೇಜರ್ ಹೆದರಿ ಓಡಿಬಂದು ಹಾಳೆಗಳ ಕಟ್ಟನ್ನೇ ಕಸಿದುಕೊಂಡು ಪಂಪು ಬಂದ್ ಮಾಡಿಸಿದ. ಪಂಪು ಬಂದ್ ಆದದ್ದೇ ತಡ, ಜನರಿಗೆ ಖಾತ್ರಿಯಾಯಿತು. ಬೈಕುಗಳು ಒಂದೊಂದಾಗಿ ರಸ್ತೆ ದಾಟಿ ನನ್ನ ಬಂಕಿಗೆ ಬಂದವು. ನಾನೇ ಮುಂದೆ ನಿಂತು ಚಹಾ ಕೊಡಿಸಿದೆ.

ಇಲಾಖೆಯವರು ಬಂದು ಟ್ಯಾಂಕು ಪರೀಕ್ಷಿಸಿ ಏನೂ ದೋಷವಿಲ್ಲ ಎಂದು ಹೋದರು. ಯಾರು ಕಿವಿಗೆ ಹಾಕಿಕೊಂಡರು? ಹರಪನಹಳ್ಳಿ ಸಾಹುಕಾರರು ತಮ್ಮ ಹೆಸರು ಉಳಿಸಿಕೊಳ್ಳಲು ‘ಕೆಲಸದಾಕೆ ಏನೋ ಮಾಡಿದ್ದಳು, ತೆಗೆದು ಹಾಕಿದ್ದೇವೆ’ ಎಂದು ಹೇಳಿಸಿದರು. ಮ್ಯಾನೇಜರ್ ಕುರ್ಚಿ ಹೋಯಿತು, ಕೆಲಸ ಹೋಯಿತು. ಕೂಡ್ಲಿಗಿಯಿಂದ ಹರಪನಹಳ್ಳಿ ತನಕ ಯಾವ ಬಂಕಿನವರೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ಹಗರಿಬೊಮ್ಮನಹಳ್ಳಿ ಬಂಕಿಗೂ ನೀನು ಕೇಳಿಕೊಂಡು ಬಂದಿದ್ದೆಯಂತೆ. ಅಲ್ಲಿಂದ ನನಗೆ ಫೋನು ಬಂತು, ‘ಹೆಂಗ ಆಕಿ?’ ಎಂದು. ‘ನಿಮ್ಮಿಷ್ಟ’ ಎಂದೆ. ಆ ಒಂದು ಮಾತಿಗೆ ಎಣ್ಣೆಯೂ ಬೇಕಿರಲಿಲ್ಲ.

ಇಷ್ಟೆಲ್ಲ ಮಾಡಿ ಗೆದ್ದದ್ದಾದರೂ ಏನು? ಬೈಪಾಸಿನಲ್ಲಿ ಈಗ ಬೇರೆ ಯಾರೋ ಇನ್ನೂ ದೊಡ್ಡ ಬಂಕು, ಇನ್ನೂ ದೊಡ್ಡ ಅಂಗಡಿ ತೆರೆದಿದ್ದಾರೆ. ಹೂವಿನ ಬೈಕುಗಳೆಲ್ಲ ಅಲ್ಲಿಗೇ. ನಮ್ಮದರ ಮುಂದೆಯೂ ನಿಮ್ಮದರ ಮುಂದೆಯೂ ನಾಯಿಗಳು ಮಲಗಿರುತ್ತವೆ. ನಾನು ಅಂದಿನಿಂದ ತಲೆಗೆ ಎಣ್ಣೆ ಹಚ್ಚಿಲ್ಲ, ಹೆಂಡತಿ ಕೇಳಿದರೆ ಅಲರ್ಜಿ ಎನ್ನುತ್ತೇನೆ. ದೊಡ್ಡ ಪ್ರಾಯಶ್ಚಿತ್ತ! ಥೂ, ನಾಚಿಕೆಯಾಗಬೇಕು.

ಹೋದ ತಿಂಗಳು ಹರಪನಹಳ್ಳಿ ಹತ್ತಿರದ ಅರಸೀಕೆರೆಯಲ್ಲಿ ನನ್ನ ಬೈಕಿನ ಚೈನು ಕಳಚಿತು. ಒಂದು ಕಿರಾಣಿ ಅಂಗಡಿಯ ಮುಂದೆ ಕೂತು ಏರಿಸುತ್ತಿದ್ದೆ. ಧೂಳಿಗೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದೆ. ಯಾರೋ ಬಂದು ಪೆಟ್ರೋಲ್ ಬಾಟಲಿ ಕೇಳಿದರು. ಒಳಗಿನಿಂದ ನಿನ್ನ ದನಿ ಬಂತು — “ನಮ್ಮಲ್ಲಿ ಇಡಂಗಿಲ್ರಿ, ಮುಂದಿನ ಅಂಗಡ್ಯಾಗ ಕೇಳ್ರಿ.” ಕತ್ತೆತ್ತಿದೆ. ನೀನೇ. ಕೂದಲು ಪೂರ್ತಿ ನೆರೆತಿದೆ. ಆತ ಹೋದ ಮೇಲೆ, ನನ್ನ ಬಾಯಿ ಸುಮ್ಮನಿರಬೇಕಲ್ಲ, “ಎಲ್ಲಾ ಅಂಗಡ್ಯಾಗೂ ಇಟ್ಟಾರ, ನೀವ್ಯಾಕ ಇಡಂಗಿಲ್ರಿ?” ಎಂದು ಕೇಳಿದೆ.

“ನಾ ಕೊಟ್ರ ಕಲಬೆರಕಿ ಅಂತಾರ್ರಿ” ಎಂದೆ ನೀನು. ಉಪ್ಪಿನ ದರ ಹೇಳಿದಷ್ಟು ಸಲೀಸಾಗಿ.

ಆಮೇಲೆ ನನ್ನ ಮಸಿ ಹಿಡಿದ ಕೈ ನೋಡಿ ಚೊಂಬು, ಸೋಪು ಹಿಡಿದು ಹೊರಗೆ ಬಂದೆ. “ಕೈ ತೊಳ್ಕಳ್ರಿ” ಎಂದು ನೀರು ಹಾಕಿದೆ. ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆಯಾ, ಅಥವಾ ನನ್ನ ಕಳ್ಳ ಮನಸ್ಸಿಗೆ ಹಾಗನ್ನಿಸಿತಾ — ಗೊತ್ತಿಲ್ಲ. ಗುರುತು ಹಿಡಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ನಾನು ಟವೆಲ್ ಬಿಚ್ಚಲಿಲ್ಲ. ನೀನು ಹಾಕಿದ ನೀರಿನಲ್ಲಿ ಕೈ ತೊಳೆದುಕೊಂಡು, ಬೈಕು ಹತ್ತಿ ಬಂದುಬಿಟ್ಟೆ. ಹನ್ನೊಂದು ವರ್ಷದ ಹಿಂದಿನದು ಹೊಟ್ಟೆಕಿಚ್ಚು ಅನ್ನೋಣ, ಇದಕ್ಕೇನು ಹೆಸರು?

ಬರುವ ಗುರುವಾರ ಬೆಳಿಗ್ಗೆ ಹೂವಿನ ಮಾರ್ಕೆಟ್ಟಿಗೆ ಹೋಗುತ್ತೇನೆ. ಆ ಮುದುಕ ಇನ್ನೂ ಬರುತ್ತಾನೆ, ಅಂದು ನಿಂತು ನೋಡಿದವರು ಇನ್ನೂ ಹಲವರಿದ್ದಾರೆ. ಅವರ ನಡುವೆ ನಿಂತು ಇದನ್ನು ಓದುತ್ತೇನೆ. ಉಗಿದರೆ ಉಗಿಸಿಕೊಳ್ಳುತ್ತೇನೆ. ಅಲ್ಲಿಂದ ನೇರ ಅರಸೀಕೆರೆಗೆ, ನಿನ್ನ ಅಂಗಡಿಗೆ, ಮುಖಕ್ಕೆ ಟವೆಲ್ ಇಲ್ಲದೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬೈದರೆ ಕೇಳಿಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗೆ ನಿಲ್ಲುತ್ತೇನೆ, ಊರು ಕರೆದು ಹೇಳು ಎಂದರೆ ಊರಿಗೂ ಹೇಳುತ್ತೇನೆ.

ನನ್ನ ಕೈಗೆ ನೀರು ಮಾತ್ರ ಹಾಕಬೇಡ ಅಕ್ಕಾ.